ಕೊಯೋಟಿಗೆ .223 ಸಾಕಾ? ಎಷ್ಟು ಗ್ರೇನ್ ಗುಂಡು, ಎಷ್ಟು ಗಜದವರೆಗೆ?

ಹೊಲದಂಚು:

ರೈಫಲ್ ಎರಡಿವೆ. ಒಂದು ಬೋಲ್ಟ್ ಆಕ್ಷನ್ (ಪ್ರತಿ ಈಡಿಗೂ ಕೈಯಿಂದ ಬೋಲ್ಟ್ ಎಳೆಯುವುದು), .223 ರೆಮಿಂಗ್ಟನ್ ತೋಟಾದ್ದು, 24 ಇಂಚಿನ ನಳಿಗೆ, ಟ್ವಿಸ್ಟ್ 1:12, ಅಂದರೆ ನಳಿಗೆಯೊಳಗೆ 12 ಇಂಚಿಗೆ ಗುಂಡು ಒಂದು ಸುತ್ತು ತಿರುಗುತ್ತದೆ. ಇನ್ನೊಂದು ಅದೇ ತೋಟಾದ ಸೆಮಿ-ಆಟೋಮ್ಯಾಟಿಕ್ ಎ.ಆರ್.-15, 16 ಇಂಚಿನ ನಳಿಗೆ, ಟ್ವಿಸ್ಟ್ 1:7. ಜಾಗ ನೆಬ್ರಾಸ್ಕಾದ ಬಯಲು ಹುಲ್ಲುಗಾವಲು. ಚಳಿಗಾಲದಲ್ಲಿ ಕಾಲ್ (ಪ್ರಾಣಿಯ ದನಿ ಹೊರಡಿಸುವ ಪೀಪಿ) ಊದಿ ಕರೆಸಿ ಹೊಡೆಯುವ ಬೇಟೆ, ಗಾಳಿ ಯಾವಾಗಲೂ ಇದ್ದೇ ಇರುತ್ತದೆ. 300 ಗಜದಲ್ಲಿ ನಿಂತ ಕೊಯೋಟಿಯನ್ನು (ತೋಳದ ಜಾತಿಯ ಸಣ್ಣ ಅಮೆರಿಕನ್ ಪ್ರಾಣಿ) ಒಂದೇ ಈಡಿಗೆ ಮಲಗಿಸಲು .223 ಸಾಕಾಗುತ್ತದೋ, ಇಲ್ಲ .22-250 ಅಥವಾ .204 ರೂಗರ್ ತೋಟಾದ ರೈಫಲ್ ತೆಗೆದುಕೊಳ್ಳಬೇಕೋ? ಗುಂಡಿನ ತೂಕ 40 ಗ್ರೇನೋ, 55 ಗ್ರೇನೋ (ಗ್ರೇನ್ ಅಂದರೆ ಗುಂಡು, ಮದ್ದು ತೂಗುವ ಸಣ್ಣ ಅಳತೆ)? ತುಪ್ಪಳ ಮಾರುವುದೂ ಇದೆ, ಚರ್ಮದಲ್ಲಿ ಮುಷ್ಟಿಗಾತ್ರದ ತೂತಾಗಬಾರದು. ಮನೆಯಲ್ಲಿ ಸಣ್ಣ .17 ಎಚ್.ಎಂ.ಆರ್. ರೈಫಲ್ ಕೂಡ ಇದೆ, ಅದರಿಂದ ಆಗುತ್ತದೆಯೇ ಎಂಬುದೂ ಒಂದು ಪ್ರಶ್ನೆ.

ಗಾಳಿಲೆಕ್ಕ:

ಕೊನೆಯದನ್ನು ಮೊದಲು ಮುಗಿಸೋಣ. .17 ಎಚ್.ಎಂ.ಆರ್.ನ 17 ಗ್ರೇನ್ ಗುಂಡು ನಳಿಗೆಯ ಬಾಯಲ್ಲಿ ಸೆಕೆಂಡಿಗೆ 2,550 ಅಡಿ, ಶಕ್ತಿ 245 ಅಡಿ-ಪೌಂಡ್. 100 ಗಜ ತಲುಪುವಾಗ 136 ಅಡಿ-ಪೌಂಡ್ ಉಳಿದಿರುತ್ತದೆ, 200ಕ್ಕೆ 72. ನೂರು ಗಜದೊಳಗೆ, ಪ್ರಾಣಿ ಅಡ್ಡಲಾಗಿ ನಿಂತಿದ್ದರೆ, ಪಕ್ಕೆಲುಬಿನ ನಡುವೆ ಇಟ್ಟರೆ ಕೆಲಸ ಆಗುತ್ತದೆ. ಅದಕ್ಕಿಂತ ಆಚೆ ಅದನ್ನು ಎತ್ತಬೇಡಿ, ಗಾಯಗೊಂಡು ಓಡುವ ಪ್ರಾಣಿಯೇ ಹೆಚ್ಚಾಗುತ್ತದೆ.

ಈಗ .223. ಜನ ಕೇಳುವುದು ‘ಶಕ್ತಿ ಸಾಕಾ’ ಎಂದು. ಶಕ್ತಿ ಸಾಕಷ್ಟಿದೆ. 55 ಗ್ರೇನ್ ವಿ-ಮ್ಯಾಕ್ಸ್ (ಪ್ಲಾಸ್ಟಿಕ್ ತುದಿಯ ಗುಂಡು) ಕಾರ್ಖಾನೆ ತೋಟಾ 24 ಇಂಚಿನ ನಳಿಗೆಯಿಂದ ಸೆಕೆಂಡಿಗೆ 3,240 ಅಡಿಯಲ್ಲಿ ಹೊರಟು, 200 ಗಜದಲ್ಲಿ 2,500 ಅಡಿ, 300ರಲ್ಲಿ ಸುಮಾರು 2,170 ಅಡಿ ವೇಗದಲ್ಲಿರುತ್ತದೆ. 300ರಲ್ಲೂ 570 ಅಡಿ-ಪೌಂಡ್ ದಾಟುತ್ತದೆ. 25–35 ಪೌಂಡ್ ತೂಗುವ ಪ್ರಾಣಿಗೆ ಇದು ಧಾರಾಳ. ತಪ್ಪುವುದು ಶಕ್ತಿ ಸಾಲದೆ ಅಲ್ಲ, ಗುಂಡು ಹೋಗಬೇಕಾದ ಕಡೆ ಹೋಗದೆ.

ಕೊಯೋಟಿಯ ಎದೆಗೂಡಿನಲ್ಲಿ ಹೃದಯ, ಶ್ವಾಸಕೋಶ ಸೇರಿ ನಂಬಿಕೊಳ್ಳಬಹುದಾದ ಜಾಗ ಸುಮಾರು 6 ಇಂಚಿನ ವೃತ್ತ. ನಡುವಿಗೆ ಗುರಿಯಿಟ್ಟರೆ ಯಾವ ಕಡೆಗೂ 3 ಇಂಚು ಮಾತ್ರ ತಪ್ಪಬಹುದು. ಆ 3 ಇಂಚನ್ನು ಮೂರು ಬಾಬತ್ತು ಹಂಚಿಕೊಂಡು ತಿನ್ನುತ್ತವೆ: ಗುಂಡಿನ ಇಳಿತ, ಗಾಳಿ, ನಿಮ್ಮ ಕೈ.

ಇಳಿತ. 200 ಗಜಕ್ಕೆ ಜೀರೋ ಮಾಡಿದರೆ (ಅಲ್ಲಿ ಗುಂಡು ಗುರಿಗೇ ಬೀಳುವಂತೆ ಸ್ಕೋಪ್ ಹೊಂದಿಸಿದರೆ) ಈ ತೋಟಾ 100ರಲ್ಲಿ 1.4 ಇಂಚು ಮೇಲೆ, 250ರಲ್ಲಿ ಸುಮಾರು 3 ಇಂಚು ಕೆಳಗೆ, 300ರಲ್ಲಿ 7 ಇಂಚು ಕೆಳಗೆ, 400ರಲ್ಲಿ 21 ಇಂಚು ಕೆಳಗೆ. ಅಂದರೆ 225–230 ಗಜದವರೆಗೆ ನೇರ ಎದೆಗೇ ಹಿಡಿದು ಹೊಡೆಯಬಹುದು. ಆಮೇಲೆ ದೂರ ಅಳೆಯದೆ ಹೊಡೆಯುವುದು ಜೂಜು. 300 ಎಂದುಕೊಂಡದ್ದು ನಿಜಕ್ಕೂ 350 ಆಗಿದ್ದರೆ ಇನ್ನೂ 6 ಇಂಚು ಕೆಳಕ್ಕೆ ಬೀಳುತ್ತದೆ, ಮುಂಗಾಲು ಮುರಿಯುತ್ತದೆ.

ಗಾಳಿ. ಗಂಟೆಗೆ 10 ಮೈಲಿಯ ಗಾಳಿ ನೇರ ಅಡ್ಡ ಬೀಸಿದರೆ ಇದೇ ಗುಂಡು 100ರಲ್ಲಿ 1 ಇಂಚು, 200ರಲ್ಲಿ 4.5, 300ರಲ್ಲಿ 10–11, 400ರಲ್ಲಿ 20 ಇಂಚು ಸರಿಯುತ್ತದೆ. ಗಾಳಿಯ ವೇಗವನ್ನು ನೀವು ಬರೀ 3 ಮೈಲಿ ತಪ್ಪಾಗಿ ಅಂದಾಜಿಸಿದರೂ 300ರಲ್ಲಿ 3 ಇಂಚು ಹೋಯಿತು. ಅಲ್ಲಿಗೆ ಪೂರ್ತಿ ಬಂಡವಾಳ ಖಾಲಿ.

ಕೈ. ಬೆಂಚಿನ ಮೇಲೆ 1 ಎಂ.ಒ.ಎ. (100 ಗಜದಲ್ಲಿ ಸುಮಾರು 1 ಇಂಚಿನ ಗುಂಪು) ಹೊಡೆಯುವವರು ಹಿಮದಲ್ಲಿ ಕೂತು, ಕೋಲಿನ ಮೇಲೆ ರೈಫಲ್ ಇಟ್ಟು, ಎದೆ ಹೊಡೆದುಕೊಳ್ಳುತ್ತಿರುವಾಗ 2 ಎಂ.ಒ.ಎ. ಹೊಡೆದರೆ ದೊಡ್ಡದು. 2 ಎಂ.ಒ.ಎ. ಅಂದರೆ 200ರಲ್ಲಿ 4 ಇಂಚಿನ ಗುಂಪು, 300ರಲ್ಲಿ 6 ಇಂಚಿಗಿಂತ ಹೆಚ್ಚು. 300ರಲ್ಲಿ ನಿಮ್ಮ ಕೈಯೇ ಇಡೀ ವೃತ್ತವನ್ನು ತುಂಬಿಬಿಟ್ಟ ಮೇಲೆ ಗಾಳಿಗೆ ಎಲ್ಲಿ ಜಾಗ?

ನಿಮ್ಮ ಬೋಲ್ಟ್ ರೈಫಲ್‌ಗೆ 225 ಗಜ ಎಂದು ಇಟ್ಟುಕೊಳ್ಳಿ. ಗಾಳಿ ಸತ್ತಿದೆ, ದೂರ ಅಳೆಯುವ ರೇಂಜ್‌ಫೈಂಡರ್ ಇದೆ, ಮಲಗಿ ಬೈಪಾಡ್ ಮೇಲೆ ಹೊಡೆಯುತ್ತಿದ್ದೀರಿ ಅಂದರೆ 300. 16 ಇಂಚಿನ ಎ.ಆರ್.ನಲ್ಲಿ ಪ್ರತಿ ಇಂಚು ನಳಿಗೆಗೆ 25–30 ಅಡಿ ವೇಗ ಕಳೆಯಿರಿ, ಸೆಕೆಂಡಿಗೆ ಸುಮಾರು 3,000 ಅಡಿ ಉಳಿಯುತ್ತದೆ. ಉದ್ದ ನಳಿಗೆಯ ಗುಂಡು 60 ಗಜ ಹೋದ ಮೇಲೆ ಇರುವ ವೇಗ ಅದು. ಎ.ಆರ್.ನ ಮಿತಿಯನ್ನು ಹಾಗೇ ಒಂದಷ್ಟು ಈಚೆಗೆ ತನ್ನಿ. ತೋಟಾ ಡಬ್ಬಿಯ ಮೇಲಿನ ಇಳಿತದ ಪಟ್ಟಿ 24 ಇಂಚಿನ ನಳಿಗೆಯದ್ದು. ಅದನ್ನೇ ಎ.ಆರ್. ಸ್ಟಾಕಿಗೆ ಅಂಟಿಸಿಕೊಳ್ಳಬೇಡಿ.

ನಳಿಗೆ24:

ಮೇಲಿನ ಲೆಕ್ಕಕ್ಕೆ ತಕರಾರಿಲ್ಲ, ಆದರೆ .204ರ ಮಾತೇ ಎತ್ತದೆ ಬಿಟ್ಟದ್ದು ಸರಿಯಿಲ್ಲ. 40 ಗ್ರೇನ್ ವಿ-ಮ್ಯಾಕ್ಸ್, ಸೆಕೆಂಡಿಗೆ 3,900 ಅಡಿ. 200ಕ್ಕೆ ಜೀರೋ ಮಾಡಿದರೆ 300ರಲ್ಲಿ 4 ಇಂಚು ಚಿಲ್ಲರೆ ಇಳಿತ, 400ರಲ್ಲಿ 13. 10 ಮೈಲಿ ಗಾಳಿಗೆ 300ರಲ್ಲಿ 8 ಇಂಚಿನೊಳಗೆ. .22-250ರ 55 ಗ್ರೇನ್ ಗುಂಡು 3,680 ಅಡಿಯಲ್ಲಿ ಹೊರಟರೂ ಅದೇ ಗಾಳಿಗೆ 9 ಇಂಚು ಸರಿಯುತ್ತದೆ. ಸಣ್ಣ ಗುಂಡು ಗಾಳಿಗೆ ಹಾರಿಹೋಗುತ್ತದೆ ಎಂಬ ಮಾತು ಇಲ್ಲಿ ತಲೆಕೆಳಗು, ಯಾಕೆಂದರೆ .204ರ 40 ಗ್ರೇನ್ ಗುಂಡಿನ ಬಿ.ಸಿ. (ಗಾಳಿ ಸೀಳುವ ಸಾಮರ್ಥ್ಯದ ಅಂಕ, ಹೆಚ್ಚಿದ್ದಷ್ಟೂ ಒಳ್ಳೆಯದು) .275, .224ರ 55 ಗ್ರೇನ್ ವಿ-ಮ್ಯಾಕ್ಸ್‌ದು .255.

ಒದೆತವೂ ಕಡಿಮೆ. ಗುಂಡು ತಗುಲಿದ್ದನ್ನು ಸ್ಕೋಪಿನಲ್ಲೇ ನೋಡಬಹುದು. ಎರಡನೆಯ ಕೊಯೋಟಿ ಬಂದಾಗ ಅದು ಎಷ್ಟು ಉಪಯೋಗ ಎಂದು ಗೊತ್ತಾಗುತ್ತದೆ.

ಆದರೆ .204ರಲ್ಲಿ 32 ಗ್ರೇನ್ ಬೇಡ. ಡಬ್ಬಿಯ ಮೇಲೆ 4,225 ಅಡಿ ಎಂದು ಇರುತ್ತದೆ, ನೋಡಿದರೆ ಆಸೆಯಾಗುತ್ತದೆ. ಬಿ.ಸಿ. .210 ಮಾತ್ರ. ಹತ್ತಿರದಲ್ಲಿ ಭುಜದ ಮೂಳೆಗೆ ಬಿದ್ದರೆ ಅಲ್ಲೇ ಪುಡಿಯಾಗುತ್ತದೆ. ಅದು ಪ್ರೇರಿ ಡಾಗ್‌ಗೆ (ಅಳಿಲಿನ ಜಾತಿಯ ಸಣ್ಣ ಪ್ರಾಣಿ) ಮಾಡಿದ ಗುಂಡು.

ಗಾಳಿಲೆಕ್ಕ:

ಒಪ್ಪಿದೆ, .204 ಒಳ್ಳೆಯ ತೋಟಾ. ಆದರೆ ಲಾಭ ಎಷ್ಟೆಂದು ಇಂಚಿನಲ್ಲಿ ನೋಡಿ. 3 ಮೈಲಿ ಗಾಳಿ ತಪ್ಪಾಗಿ ಓದಿದರೆ 300 ಗಜದಲ್ಲಿ .223 ತಪ್ಪುವುದು 3.2 ಇಂಚು, .22-250 2.7, .204 2.3. ಹೊಸ ರೈಫಲ್, ಹೊಸ ಸ್ಕೋಪ್, ಹೊಸ ತೋಟಾ ಎಲ್ಲ ಸೇರಿ ಸಿಕ್ಕಿದ್ದು ಒಂದು ಇಂಚಿಗಿಂತ ಕಡಿಮೆ. ಇಳಿತದಲ್ಲಿ ಲಾಭ ಹೆಚ್ಚಿದೆ, ಅದನ್ನು ರೇಂಜ್‌ಫೈಂಡರ್ ಒಂದೇ ತುಂಬಿಕೊಡುತ್ತದೆ. ಇರುವ ರೈಫಲ್‌ನಲ್ಲಿ ಗಾಳಿ ಓದುವುದನ್ನು ಕಲಿಯದೆ ಕ್ಯಾಲಿಬರ್ ಬದಲಾಯಿಸುವುದು ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ.

ತುಪ್ಪಳದವನು:

ಗುಂಡಿನ ತೂಕದ ಪ್ರಶ್ನೆಗೆ ಯಾರೂ ಪೂರ್ತಿ ಉತ್ತರ ಕೊಟ್ಟಿಲ್ಲ. ನಿಮ್ಮ ಎರಡು ರೈಫಲ್‌ಗಳಿಗೆ ಒಂದೇ ತೋಟಾ ಕೊಳ್ಳುವ ಯೋಚನೆ ಇದ್ದರೆ ಬಿಡಿ, ಟ್ವಿಸ್ಟ್ ಅಷ್ಟು ದೂರ ದೂರ ಇದೆ.

1:12 ನಳಿಗೆಯಲ್ಲಿ 40ರಿಂದ 55 ಗ್ರೇನ್‌ವರೆಗಿನ ಸೀಸದ ಗುಂಡುಗಳು ಚೆನ್ನಾಗಿ ಹೋಗುತ್ತವೆ. 62, 69, 75 ಗ್ರೇನ್ ಹಾಕಿದರೆ ಗುಂಡು ತಿರುಗುವುದು ಸಾಲದೆ ಗಾಳಿಯಲ್ಲಿ ಓಲಾಡುತ್ತದೆ. ಗುರಿಹಾಳೆಯಲ್ಲಿ ದುಂಡನೆಯ ತೂತಿನ ಬದಲು ಬೀಗದ ಕಿಂಡಿಯಂಥ ಉದ್ದ ತೂತು ಕಂಡರೆ ಇದೇ ಕಾರಣ. ನಿಜವಾಗಿ ಲೆಕ್ಕಕ್ಕೆ ಬರುವುದು ತೂಕವಲ್ಲ, ಉದ್ದ. ತಾಮ್ರದ ಗುಂಡು ಅದೇ ತೂಕದ ಸೀಸದ ಗುಂಡಿಗಿಂತ ಉದ್ದವಾಗಿರುತ್ತದೆ, ಹಾಗಾಗಿ 55 ಗ್ರೇನ್ ಪೂರ್ತಿ ತಾಮ್ರದ್ದು 1:12ರಲ್ಲಿ ನಿಲ್ಲದೇ ಹೋಗಬಹುದು. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಯಾವ ಕಾಡುಪ್ರಾಣಿಯನ್ನು ಕೋವಿಯಿಂದ ಹೊಡೆಯಲೂ ಸೀಸದ ಗುಂಡು ಬಳಸುವಂತಿಲ್ಲ. ಅಲ್ಲಿಗೆ ಹೋಗುವವರು 1:12 ನಳಿಗೆಗೆ ಹಗುರ, ಗಿಡ್ಡ ಸೀಸರಹಿತ ಗುಂಡನ್ನೇ ಹುಡುಕಬೇಕು.

1:7ರಲ್ಲಿ ತೊಂದರೆ ಉಲ್ಟಾ. ನಿಮಿಷಕ್ಕೆ ಸುತ್ತು ಎಷ್ಟೆಂದರೆ, ವೇಗವನ್ನು 720ರಿಂದ ಗುಣಿಸಿ ಟ್ವಿಸ್ಟ್‌ನಿಂದ ಭಾಗಿಸಿ. 3,240 ಅಡಿ ವೇಗಕ್ಕೆ 1:12ರಲ್ಲಿ 1,94,400 ಸುತ್ತು, 1:7ರಲ್ಲಿ 3,33,000 ದಾಟುತ್ತದೆ. ತೀರಾ ತೆಳು ಕವಚದ ಹಗುರ ವಾರ್ಮಿಂಟ್ (ಸಣ್ಣ ಪ್ರಾಣಿಗಳ ಬೇಟೆಯ) ಗುಂಡು ಅಷ್ಟು ಸುತ್ತನ್ನು ತಾಳದೆ ದಾರಿಯಲ್ಲೇ ಬಿಚ್ಚಿಕೊಳ್ಳಬಹುದು. ಐದು ಈಡು ಹೊಡೆದು ಹಾಳೆಯಲ್ಲಿ ನಾಲ್ಕೇ ತೂತು, ತೂತಿನ ಸುತ್ತ ಬೂದು ಬಣ್ಣದ ಗೆರೆ ಕಂಡರೆ ಸ್ಕೋಪನ್ನು ಬೈಯಬೇಡಿ, ಗುಂಡು ಬದಲಿಸಿ. ಎ.ಆರ್.ಗೆ 53–60 ಗ್ರೇನ್‌ನ ಸ್ವಲ್ಪ ಗಟ್ಟಿ ಗುಂಡು ಸೂಕ್ತ. 53 ಗ್ರೇನ್ ವಿ-ಮ್ಯಾಕ್ಸ್‌ನ ಬಿ.ಸಿ. .290, ತೂಕ ಕಡಿಮೆಯಾದರೂ 55ಕ್ಕಿಂತ ಗಾಳಿಯನ್ನು ಚೆನ್ನಾಗಿ ಸೀಳುತ್ತದೆ.

ಇನ್ನು ತುಪ್ಪಳ. ತೂತು ದೊಡ್ಡದಾಗುವುದು ಬಹುಪಾಲು ಗುಂಡು ಹೊರಬರುವ ಕಡೆ. ಅದಕ್ಕೇ ಒಳಗೇ ಚೂರಾಗಿ ಅಲ್ಲೇ ಉಳಿಯುವ ಗುಂಡನ್ನು ಬಯಸುವುದು. 40–50 ಗ್ರೇನ್ ಪ್ಲಾಸ್ಟಿಕ್ ತುದಿಯ ಗುಂಡು ಪಕ್ಕೆಲುಬಿನ ಹಿಂದೆ ಬಿದ್ದರೆ ಒಳಹೋದ ಕಡೆ ಪೆನ್ಸಿಲ್ ಗಾತ್ರದ ತೂತು, ಹೊರಗೆ ಏನೂ ಇಲ್ಲ. ಅದೇ ಗುಂಡು 60 ಗಜದಲ್ಲಿ, ವೇಗ ಪೂರ್ತಿ ಇರುವಾಗ, ಭುಜದ ಕೀಲಿಗೆ ಬಿದ್ದರೆ ಮೂಳೆಯ ಮೇಲೇ ಸಿಡಿಯುತ್ತದೆ: ಹೊರಗೆ ಅಂಗೈ ಅಗಲದ ಹರಕು ಗಾಯ, ಒಳಗೆ ಶ್ವಾಸಕೋಶ ಹಾಗೇ, ಪ್ರಾಣಿ ಮೂರು ಕಾಲಲ್ಲಿ ಓಟ. ಬೇಟೆಗಾರರು ಇದನ್ನು ಸ್ಪ್ಲಾಶ್ ಅನ್ನುತ್ತಾರೆ. ಆದ್ದರಿಂದ .223ರಲ್ಲಿ ನನ್ನ ಆಯ್ಕೆ 50–55, 40 ಅಲ್ಲ. ಫುಲ್ ಮೆಟಲ್ ಜಾಕೆಟ್ (ಗಟ್ಟಿ ಲೋಹದ ಕವಚದ, ಅರಳದ ಗುಂಡು) ಮಾತ್ರ ಬೇಡವೇ ಬೇಡ. ಸೂಜಿ ಚುಚ್ಚಿದಂತೆ ದಾಟಿಹೋಗಿ ಪ್ರಾಣಿ ಅರ್ಧ ಮೈಲಿ ಓಡಿ ಸಾಯುತ್ತದೆ, ತುಪ್ಪಳವೂ ಸಿಗುವುದಿಲ್ಲ. ಮೂಳೆಗೆ ತಾಗಿ ಉರುಳಿದರೆ ಹೊರಬರುವ ತೂತು ನೀವು ಹೆದರಿದಷ್ಟೇ ದೊಡ್ಡದು.

ಗುರಿ ಎಲ್ಲಿ? ಅಡ್ಡ ನಿಂತಿದ್ದರೆ ಮುಂಗಾಲಿನ ಹಿಂಬದಿಯ ಗೆರೆ ಹಿಡಿದು ಎದೆಯ ಕೆಳಗಿನಿಂದ ಮೂರನೇ ಒಂದು ಭಾಗ ಮೇಲೆ. ಚಳಿಗಾಲದ ಕೂದಲು ಬೆನ್ನಿನ ಮೇಲೆ ಒಂದೂವರೆ ಎರಡು ಇಂಚು ನಿಂತಿರುತ್ತದೆ. ಸ್ಕೋಪಿನಲ್ಲಿ ಕಾಣುವ ಮೈಯ ‘ನಡು’ವಿಗೆ ಹಿಡಿದರೆ ಗುಂಡು ಎದೆಗೂಡಿನ ನಡುವಿಗಿಂತ ಮೇಲೆ ಹೋಗುತ್ತದೆ.

ಹೊಲದಂಚು:

ತುಂಬ ಉಪಯೋಗವಾಯಿತು. ಇನ್ನೊಂದು ಗೊಂದಲ. ಎ.ಆರ್. 200ಕ್ಕೆ ಸರಿಯಾಗಿ ಜೀರೋ ಆಗಿದೆ, ಆದರೆ 25–30 ಗಜದ ಹಾಳೆಯಲ್ಲಿ ಸುಮಾರು ಒಂದು ಇಂಚು ಕೆಳಗೆ ಬೀಳುತ್ತಿದೆ. 100ರಲ್ಲೂ ಪಟ್ಟಿ ಹೇಳಿದ 1.4 ಇಲ್ಲ. ಮೌಂಟ್ ಸಡಿಲವೇ? ಇನ್ನು ತೋಟಾ ಮನೆಯಲ್ಲೇ ತುಂಬಿಕೊಳ್ಳುವುದಾದರೆ ಯಾವ ಮದ್ದು, ಎಷ್ಟು ಗ್ರೇನ್?

ನಳಿಗೆ24:

ಮೌಂಟ್ ಸರಿಯಾಗೇ ಇದೆ. ಡಬ್ಬಿಯ ಪಟ್ಟಿ ಸ್ಕೋಪ್ ನಳಿಗೆಯ ನಡುವಿನಿಂದ 1.5 ಇಂಚು ಎತ್ತರದಲ್ಲಿದೆ ಎಂದುಕೊಂಡು ಬರೆದದ್ದು. ಎ.ಆರ್.ನಲ್ಲಿ ಅದು 2.6 ಇಂಚಿನ ಆಸುಪಾಸು. ಗುಂಡು ಹೊರಡುವುದೇ ಕಣ್ಣಿನ ಗೆರೆಗಿಂತ 2.6 ಇಂಚು ಕೆಳಗಿನಿಂದ, ಆದ್ದರಿಂದ 25 ಗಜದಲ್ಲಿ ಇನ್ನೂ ಏರುತ್ತಲೇ ಇರುತ್ತದೆ. 100ರಲ್ಲಿ 1.4ಕ್ಕಿಂತ ಕಡಿಮೆ ಬರುವುದೂ ಅದೇ ಕಾರಣಕ್ಕೆ. ವೇಗದ ಕೊರತೆಯನ್ನು ಬದಿಗಿಟ್ಟು ಬರೀ ಎತ್ತರದ ಲೆಕ್ಕ ನೋಡಿದರೆ 300ರಲ್ಲಿ ಇಳಿತ ಅರ್ಧ ಇಂಚು ಕಡಿಮೆಯಾಗುತ್ತದೆ. ಬ್ಯಾಲಿಸ್ಟಿಕ್ ಆ್ಯಪ್‌ನಲ್ಲಿ ಸ್ಕೋಪ್ ಎತ್ತರದ ಖಾನೆ ಇರುತ್ತದೆ, ಬಹಳ ಜನ 1.5 ಎಂದು ಇದ್ದದ್ದನ್ನು ಹಾಗೇ ಬಿಡುತ್ತಾರೆ. ನಿಮ್ಮದನ್ನು ಬೋಲ್ಟ್‌ನ ನಡುವಿನಿಂದ ಸ್ಕೋಪ್ ಕೊಳವೆಯ ನಡುವಿಗೆ ಅಳೆದು ತುಂಬಿಸಿ. ಕಾಲ್ ಕೇಳಿ ಕಾಲಬುಡಕ್ಕೇ ಓಡಿಬರುವ ಕೊಯೋಟಿಗೆ ಎದೆಯ ಕೆಳಅಂಚಿಗೆ ಹಿಡಿದರೆ ಗುಂಡು ಹೊಟ್ಟೆಯ ಅಡಿ ದಾಟಿ ಹೋಗುತ್ತದೆ. ಅಷ್ಟು ಹತ್ತಿರ ಬಂದಾಗ ಎರಡು ಇಂಚು ಮೇಲಕ್ಕೆ ಹಿಡಿಯಿರಿ.

ಕೇಪುಮದ್ದು:

ಮದ್ದಿನ ಪ್ರಶ್ನೆ ನನಗೆ ಬಿಡಿ. ಗ್ರೇನ್ ಲೆಕ್ಕ ಇಲ್ಲಿ ಬರೆಯುವುದಿಲ್ಲ, ಬರೆದವರಿದ್ದರೂ ನಂಬಬೇಡಿ. ಆ ಸಂಖ್ಯೆ ಗುಂಡು ತಯಾರಿಸಿದವರ ಅಥವಾ ಮದ್ದು ತಯಾರಿಸಿದವರ ಈಗಿನ ಮ್ಯಾನುಯಲ್‌ನಿಂದಲೇ ಬರಬೇಕು, ಅದೂ ನಿಮ್ಮದೇ ಗುಂಡಿಗೆ. ಒಂದೇ 55 ಗ್ರೇನ್ ಎಂದರೂ ತಾಮ್ರದ ಗುಂಡಿಗೂ ಸೀಸದ್ದಕ್ಕೂ ಒತ್ತಡ ಬೇರೆ. ಕನಿಷ್ಠ ಲೋಡ್‌ನಿಂದ ಶುರುಮಾಡಿ 0.3 ಗ್ರೇನ್‌ನಂತೆ ಮೇಲಕ್ಕೆ ಹೋಗಿ. ಬೋಲ್ಟ್ ಎತ್ತುವಾಗ ಬಿಗಿ ಅನ್ನಿಸಿದರೆ, ಕೇಪಿನ (ಮದ್ದಿಗೆ ಕಿಡಿ ಹಚ್ಚುವ ಪುಟ್ಟ ಬಟ್ಟಲು) ಅಂಚು ಚಪ್ಪಟೆಯಾಗಿ ಹರಡಿದ್ದರೆ, ಕೇಸಿನ ಬುಡದಲ್ಲಿ ಇಜೆಕ್ಟರ್ ತೂತಿನ ಹೊಳೆಯುವ ಗುರುತು ಬಿದ್ದರೆ ಅಲ್ಲಿಗೆ ನಿಲ್ಲಿಸಿ ಕೆಳಗಿಳಿಯಿರಿ.

ಯಾವ ಮದ್ದು ಎಂಬುದಕ್ಕೆ ಉತ್ತರ ಕೊಡಬಹುದು. ವಾರ್ಗೆಟ್ ಒಳ್ಳೆಯದೆಂದು ಎಲ್ಲರೂ ಹೇಳುತ್ತಾರೆ, ಆದರೆ 40–50 ಗ್ರೇನ್ ಗುಂಡಿಗೆ ಅದು ನಿಧಾನ. ಕೇಸು ಕತ್ತಿನವರೆಗೆ ತುಂಬಿದರೂ ವೇಗ ಬರುವುದಿಲ್ಲ. ಹಗುರ ಗುಂಡಿಗೆ ಬೆಂಚ್‌ಮಾರ್ಕ್ ಅಥವಾ ಎಚ್322 ಸರಿ. ಎಚ್335 ಅಳತೆಯ ಯಂತ್ರದಲ್ಲಿ ನೀರಿನಂತೆ ಇಳಿಯುತ್ತದೆ, 55 ಗ್ರೇನ್‌ಗೆ ಚೆನ್ನಾಗಿದೆ, ಆದರೆ ಬಾಲ್ ಪೌಡರ್ (ದುಂಡು ಕಾಳಿನ ಮದ್ದು) ಆದ್ದರಿಂದ ಚಳಿ–ಬಿಸಿಲಿಗೆ ವೇಗ ಹೆಚ್ಚು ಏರಿಳಿಯುತ್ತದೆ. ನಿಮ್ಮ ಬೇಟೆ ಚಳಿಗಾಲದ್ದು, ಎಕ್ಸ್‌ಟ್ರೂಡೆಡ್ (ಸಣ್ಣ ಕಡ್ಡಿಯಂಥ ಕಾಳಿನ) ಮದ್ದನ್ನೇ ಹಿಡಿಯಿರಿ.

ಎಡವುವ ಜಾಗಗಳು ಇವು. ಕೇಸಿನ ಉದ್ದ 1.760 ಇಂಚು ದಾಟಬಾರದು, ಟ್ರಿಮ್ ಮಾಡುವಾಗ 1.750ಕ್ಕೆ ಇಳಿಸಿ. ಉದ್ದ ಬಿಟ್ಟರೆ ಕತ್ತು ಚೇಂಬರಿನ ತುದಿಗೆ ಒತ್ತಿ ಗುಂಡನ್ನು ಹಿಡಿದಿಡುತ್ತದೆ, ಒತ್ತಡ ಗಕ್ಕನೆ ಏರುತ್ತದೆ. ಸೈಜಿಂಗ್ ಮಾಡುವಾಗ (ಹೊಡೆದ ಕೇಸನ್ನು ಡೈ ಎಂಬ ಅಚ್ಚಿನಲ್ಲಿ ಒತ್ತಿ ಅಳತೆಗೆ ತರುವಾಗ) ಕೇಸಿನ ಭುಜವನ್ನು ಬೋಲ್ಟ್ ರೈಫಲ್‌ಗೆ 2 ಥೌ (ಇಂಚಿನ ಸಾವಿರದಲ್ಲೊಂದು ಭಾಗ ಒಂದು ಥೌ), ಎ.ಆರ್.ಗೆ 3–4 ಥೌ ಮಾತ್ರ ಹಿಂದಕ್ಕೆ ತಳ್ಳಿ. ಡೈಯನ್ನು ಶೆಲ್‌ಹೋಲ್ಡರಿಗೆ ಮುಟ್ಟಿಸಿ ಮನಸ್ಸು ಬಂದಷ್ಟು ತಳ್ಳಿದರೆ ನಾಲ್ಕಾರು ಸಲ ತುಂಬುವಷ್ಟರಲ್ಲಿ ಕೇಸು ಬುಡದ ಹತ್ತಿರ ಬಿರಿಯುತ್ತದೆ. ನೇರ ಮಾಡಿದ ಪೇಪರ್ ಕ್ಲಿಪ್ಪಿನ ತುದಿ ಬಗ್ಗಿಸಿ ಒಳಗೆ ಕೆರೆದು ನೋಡಿ, ಬುಡದ ಮೇಲೆ ಸಣ್ಣ ಕಾಲುವೆ ತಗುಲಿದರೆ ಎಸೆಯಿರಿ. ಮಿಲಿಟರಿ ಕೇಸಿನ ಗೋಡೆ ದಪ್ಪವಿದ್ದರೆ ಒಳಜಾಗ ಕಡಿಮೆ, ಅದೇ ಲೋಡ್‌ಗೆ ಒತ್ತಡ ಹೆಚ್ಚು. ಕೇಪಿನ ಕುಳಿಯ ಕ್ರಿಂಪ್ (ಕೇಪನ್ನು ಹಿಡಿದಿಡಲು ಒತ್ತಿದ ಅಂಚು) ಕೆತ್ತದೆ ಹೊಸ ಕೇಪು ಒತ್ತಬೇಡಿ. ಎ.ಆರ್. ಮ್ಯಾಗಜೀನಿಗೆ ಒಟ್ಟು ಉದ್ದ 2.260 ಇಂಚು ಮೀರಬಾರದು. ಪ್ಲಾಸ್ಟಿಕ್ ತುದಿ ಒಂದೊಂದು ಗುಂಡಿಗೆ ಒಂದೊಂದು ಉದ್ದ ಇರುವುದರಿಂದ, ಒಂದೇ ಸಮ ಕೂರಿಸಬೇಕೆಂದರೆ ಕಂಪ್ಯಾರೇಟರ್ ಎಂಬ ಅಳತೆಯ ಸಾಧನ ಹಾಕಿ ಓಜೈವ್‌ನಿಂದ (ಗುಂಡಿನ ಮೂತಿಯ ಬಾಗಿನಿಂದ) ಅಳೆಯಿರಿ.

ಮರೆಯುವ ಮೊದಲು: 5.56 ಎಂದು ಮುದ್ರೆಯಿರುವ ತೋಟಾವನ್ನು (.223ರಂತೆಯೇ ಕಾಣುವ ಮಿಲಿಟರಿ ತೋಟಾ) ಬರೀ .223 ಎಂದಿರುವ ಬೋಲ್ಟ್ ರೈಫಲ್‌ಗೆ ಹಾಕಬೇಡಿ. 5.56 ಚೇಂಬರಿನಲ್ಲಿ .223 ಹೊಡೆಯಬಹುದು, ತಿರುಗಾಮುರುಗಾ ಬೇಡ.

ಹಿಮಗುರಿ:

ಚಳಿಯ ಬಗ್ಗೆ ಎರಡು ಮಾತು ಸೇರಿಸುತ್ತೇನೆ. ಬೇಸಿಗೆಯಲ್ಲಿ ಮಾಡಿದ ಜೀರೋವನ್ನು ಜನವರಿಗೆ ನಂಬಬೇಡಿ. ಮದ್ದು ತಣ್ಣಗಿದ್ದಾಗ ವೇಗ ಇಳಿಯುತ್ತದೆ, ತಣ್ಣನೆಯ ಗಾಳಿ ಸಾಂದ್ರವಾದ್ದರಿಂದ ಎಳೆತವೂ ಹೆಚ್ಚು. ಬೇಟೆಗೆ ಹೋಗುವ ಚಳಿಯಲ್ಲೇ, ರೈಫಲ್ ಮತ್ತು ತೋಟಾ ಎರಡನ್ನೂ ಹೊರಗೆ ಒಂದು ಗಂಟೆ ಇಟ್ಟು, 200ರಲ್ಲಿ ಜೀರೋ ನೋಡಿ. ಆಮೇಲೆ 300ಕ್ಕೆ ನಿಜವಾಗಿ ಹೊಡೆದು ಇಳಿತ ಬರೆದುಕೊಳ್ಳಿ, ಆ್ಯಪ್ ಹೇಳಿದ್ದಕ್ಕೆ ಬಿಡಬೇಡಿ. ನಳಿಗೆ ತೊಳೆದ ಮೇಲಿನ ಮೊದಲ ಒಂದೆರಡು ಗುಂಡು ಬೇರೆ ಕಡೆ ಹೋಗುವುದು ಸಾಮಾನ್ಯ, ಆದ್ದರಿಂದ ಬೇಟೆಗೆ ಮುಂಚೆ ತೊಳೆದಿದ್ದರೆ ನಾಲ್ಕು ಹೊಡೆದು ಹೋಗಿ.

ಬೋಲ್ಟ್ ಒಳಗಿನ ದಪ್ಪ ಎಣ್ಣೆ ಚಳಿಗೆ ಅಂಟಾಗುತ್ತದೆ, ಫೈರಿಂಗ್ ಪಿನ್ ನಿಧಾನವಾಗಿ ಕೇಪಿಗೆ ಬರೀ ಚುಕ್ಕೆ ಬೀಳುತ್ತದೆ, ತೋಟಾ ಸಿಡಿಯುವುದಿಲ್ಲ. ಬೋಲ್ಟ್ ಬಿಚ್ಚಿ ಹಳೆಯ ಎಣ್ಣೆ ಪೂರ್ತಿ ತೆಗೆದು ಒಣದಾಗಿ ಅಥವಾ ಒಂದೇ ಹನಿ ತೆಳು ಎಣ್ಣೆಯಲ್ಲಿ ಬಿಡಿ. ಹಿಮದಲ್ಲಿ ನಡೆಯುವಾಗ ನಳಿಗೆಯ ಬಾಯಿಗೆ ಒಂದು ಸುತ್ತು ಎಲೆಕ್ಟ್ರಿಕ್ ಟೇಪ್ ಅಂಟಿಸಿ. ತೆಗೆಯಬೇಕಿಲ್ಲ, ಅದರ ಮೇಲೇ ಹೊಡೆಯಬಹುದು.

ಕೂತ ತಕ್ಷಣ, ಕಾಲ್ ಊದುವ ಮುಂಚೆ, ನಾಲ್ಕೈದು ಗುರುತಿನ ದೂರ ಅಳೆದಿಡಿ: ಬೇಲಿಯ ಮೂಲೆಗಂಬ 180, ಒಣಗಿದ ಪೊದೆ 240, ಏರಿಯ ನೆತ್ತಿ 310. ಪ್ರಾಣಿ ಬಂದ ಮೇಲೆ ರೇಂಜ್‌ಫೈಂಡರ್ ಎತ್ತಿದರೆ ಆ ಅಲುಗಾಟವನ್ನೇ ಅದು ನೋಡುತ್ತದೆ.

ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆ: ರಾತ್ರಿ ಬೇಟೆ, ಬೆಳಕು, ಥರ್ಮಲ್ ಸ್ಕೋಪ್, ಕ್ಯಾಲಿಬರ್ ಎಲ್ಲದಕ್ಕೂ. ಆಯಾ ರಾಜ್ಯದ ವನ್ಯಜೀವಿ ಇಲಾಖೆಯ ಆ ವರ್ಷದ ಪುಸ್ತಿಕೆ ನೋಡಿ. ಪೂರ್ವ ನಾರ್ತ್ ಕ್ಯಾರೊಲಿನಾದಲ್ಲಿ ರೆಡ್ ವುಲ್ಫ್, ಆರಿಜೋನಾ ಮತ್ತು ನ್ಯೂ ಮೆಕ್ಸಿಕೋದಲ್ಲಿ ಮೆಕ್ಸಿಕನ್ ವುಲ್ಫ್ ಇವೆ, ಎರಡಕ್ಕೂ ಅಳಿವಿನಂಚಿನ ಪ್ರಾಣಿಗಳ ಕಾಯ್ದೆಯ ರಕ್ಷಣೆ ಇದೆ, ದೂರದಿಂದ ಎರಡೂ ದೊಡ್ಡ ಕೊಯೋಟಿಯಂತೆ ಕಾಣುತ್ತವೆ. ಅಗಲ ಮೂತಿ, ಉದ್ದ ಕಾಲು, ಕತ್ತಿನಲ್ಲಿ ಕಾಲರ್ ಕಂಡರೆ ಬೆರಳು ಟ್ರಿಗರಿನಿಂದ ಹೊರಗೆ.

ಹೊಲದಂಚು:

ಸರಿ. ಬೋಲ್ಟ್‌ಗೆ 55 ಗ್ರೇನ್, 200ಕ್ಕೆ ಜೀರೋ, 225ರ ಮಿತಿ. ಎ.ಆರ್.ಗೆ 53 ಗ್ರೇನ್, ಸ್ಕೋಪ್ ಎತ್ತರ 2.6 ತುಂಬಿಸಿ ಹೊಸ ಪಟ್ಟಿ. ಮಿತಿ 175 ಎಂದು ಇಡಲೇ?

ಗಾಳಿಲೆಕ್ಕ:

175–200. ಹಾಳೆಯ ತಟ್ಟೆ ಒಂದನ್ನು 6 ಇಂಚಿಗೆ ಕತ್ತರಿಸಿ 200ರಲ್ಲಿ ನಿಲ್ಲಿಸಿ, ಕೂತು, ಕೋಲಿನ ಮೇಲೆ ಇಟ್ಟು, ಗಾಳಿ ಇರುವ ದಿನ ಹತ್ತು ಈಡು ಹೊಡೆಯಿರಿ, ಪ್ರತಿ ಈಡಿನ ನಡುವೆ ಎದ್ದು ಮತ್ತೆ ಕೂತು. ಒಂಬತ್ತು ತಟ್ಟೆಯೊಳಗಿದ್ದರೆ 200. ಏಳೇ ಇದ್ದರೆ ತಟ್ಟೆಯನ್ನು 150ಕ್ಕೆ ತನ್ನಿ.